ಎಂಟು ಲಕ್ಷ ಜಪಕ್ಕೆ ಅಡ್ಡಿಯಾದ ಕುಕ್ಕರ್

"ಮನೆಯವರು ಸ್ವಲ್ಪ ಸಹಕಾರ ಕೊಟ್ಟಿದ್ದರೆ ನನ್ನ ಸಾಧನೆ ಇಷ್ಟು ಹೊತ್ತಿಗೆ ಎಲ್ಲಿಗೋ ಹೋಗಿರುತ್ತಿತ್ತು." ಈ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿ ಕೇಳಿ ಆಪ್ತಸಲಹೆಗಾರ್ತಿಯಾದ ನನಗೆ ರೂಢಿಯಾಗಿದೆ. ಹೇಳುವವರು ಹೆಚ್ಚಾಗಿ ನಿವೃತ್ತಿಯ ಆಸುಪಾಸಿನ ಗಂಡಸರು. ಹೆಂಗಸರೂ ಇದ್ದಾರೆ, ಅವರು ಸೊಸೆಯ ಹೆಸರು ಹೇಳುತ್ತಾರೆ. ಪೂಜೆ, ಜಪ, ಪಾರಾಯಣ ಎಲ್ಲವನ್ನೂ ಶ್ರದ್ಧೆಯಿಂದಲೇ ಮಾಡುತ್ತಾರೆ. ಆದರೂ ಮನಸ್ಸು ನಿಲ್ಲುವುದಿಲ್ಲ. ಯಾಕೆ ಅಂತ ಕೇಳಿದರೆ ಬೆರಳು ಅಡುಗೆಮನೆ ಕಡೆ ಹೋಗುತ್ತದೆ.

ಅಂಥ ಒಂದು ಪ್ರಕರಣವನ್ನು ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಮೇಷ್ಟ್ರು ಅಂತ ಕರೆಯೋಣ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮನೆಯಲ್ಲಿ ಹೆಂಡತಿ, ಮಗ, ಸೊಸೆ, ಪುಟ್ಟ ಮೊಮ್ಮಗ. ನಿವೃತ್ತಿಯಾದ ಮೇಲೆ ಗುರುಗಳಿಂದ ಎಂಟು ಅಕ್ಷರದ ಮಂತ್ರವಾದ ಅಷ್ಟಾಕ್ಷರಿಯ ಉಪದೇಶ ಪಡೆದರು. ಆಮೇಲೆ ಪುರಶ್ಚರಣೆಯ, ಅಂದರೆ ಮಂತ್ರವನ್ನು ಗೊತ್ತಾದ ಸಂಖ್ಯೆಯಷ್ಟು ಜಪಿಸಿ ಮುಗಿಸುವ ವ್ರತದ, ಸಂಕಲ್ಪ ಮಾಡಿದರು. ಮಂತ್ರದಲ್ಲಿ ಎಷ್ಟು ಅಕ್ಷರವೋ ಅಷ್ಟು ಲಕ್ಷ ಜಪ, ಅಂದರೆ ಇಲ್ಲಿ ಎಂಟು ಲಕ್ಷ. ಜಪದ ಹತ್ತರಲ್ಲಿ ಒಂದು ಪಾಲು ಹೋಮ, ಅದರ ಹತ್ತರಲ್ಲಿ ಒಂದು ಪಾಲು ತರ್ಪಣ, ಹೀಗೆ ಮುಂದಿನದು ಬೇರೆ. ಮಾಲೆಯಲ್ಲಿ 108 ಮಣಿ ಇದ್ದರೂ ನೂರು ಅಂತಲೇ ಹಿಡಿದು, ದಿನಕ್ಕೆ 25 ಮಾಲೆ, ಒಟ್ಟು 320 ದಿನ ಎಂದು ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿದ್ದರು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನ್ನ ಹತ್ತಿರ ಬರುವ ಹೊತ್ತಿಗೆ ಮೂರು ಸಲ ಶುರುವಾಗಿ ಮೂರು ಸಲ ನಿಂತುಹೋಗಿತ್ತು. ಒಮ್ಮೆ ಸೂತಕ ಬಂತು. ಇನ್ನೊಮ್ಮೆ ಮೊಮ್ಮಗನಿಗೆ ಜ್ವರ ಬಂದು ಆಸ್ಪತ್ರೆಗೆ ಓಡಾಟ. ಮೂರನೇ ಸಲ ಮನೆಯಲ್ಲಿ ಜಗಳವಾಗಿ, ಕೈಯಲ್ಲಿದ್ದ ಜಪಮಾಲೆಯನ್ನೇ ಎಸೆದುಬಿಟ್ಟಿದ್ದರು. ಅದರಿಂದ ಅವರಿಗೇ ಹೆದರಿಕೆಯಾಗಿತ್ತು. ಮಗ ಕರೆತಂದರು ಅನ್ನುವುದು ನಿಜ, ಆದರೆ ಆ ಹೆದರಿಕೆ ಇಲ್ಲದಿದ್ದರೆ ಅವರು ಬರುತ್ತಿರಲಿಲ್ಲ.

ಮೊದಮೊದಲ ಮಾತುಕತೆಗಳಲ್ಲಿ ಹೆಚ್ಚೇನೂ ಆಗಲಿಲ್ಲ. ಅವರು ವಿಘ್ನಗಳ ಪಟ್ಟಿ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಮಿಕ್ಸಿ, ಕುಕ್ಕರ್, ಟಿವಿ ಧಾರಾವಾಹಿ, ಸೊಸೆಯ ಫೋನು, ಮಗುವಿನ ಅಳು, ಹೆಂಡತಿಯ ಮಡಿ ಸರಿಯಿಲ್ಲ. ಜಪಕ್ಕೆ ಕೂತಾಗ ಮೌನವಂತೆ. ಆ ಮೌನದಲ್ಲೇ ಹೂಂಕಾರ ಹಾಕುವುದು, ಚಪ್ಪಾಳೆ ತಟ್ಟುವುದು, ಕಣ್ಣು ಬಿಡುವುದು ಎಲ್ಲ ನಡೆಯುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂದೆ.

ಆಕೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಮೇಷ್ಟ್ರು ಮತ್ತೆ ಅದೇ ಪಟ್ಟಿ ಶುರು ಮಾಡಿದರು, ಈ ಸಲ ಸಾಕ್ಷಿ ಎದುರಿಗಿದ್ದಾರೆ ಅನ್ನುವ ಹುರುಪಿನಲ್ಲಿ. ನಡುನಡುವೆ "ಕೇಳಿ ಬೇಕಾದರೆ ಇವಳನ್ನೇ" ಅನ್ನುತ್ತಿದ್ದರು. ಹಾಗಾಗಿ ಕೇಳಿದೆ.

"ಅಮ್ಮ, ಇವರು ಜಪಕ್ಕೆ ಕೂತಾಗ ನೀವು ಏನು ಮಾಡುತ್ತಿರುತ್ತೀರಿ?"

"ಏನೂ ಮಾಡಲ್ಲ ಮೇಡಂ."

"ಅಡುಗೆ?"

"ಇವರು ಎದ್ದ ಮೇಲೆ. ಕುಕ್ಕರ್ ಕೂಗಿದರೆ ಇವರಿಗೆ ಆಗಲ್ಲ. ತರಕಾರಿ ಹೆಚ್ಚಿಟ್ಟುಕೊಂಡು ಕೂತಿರ್ತೀನಿ. ಮಗು ಎದ್ದರೆ ಮಹಡಿಗೆ ಕರ್ಕೊಂಡು ಹೋಗ್ತೀನಿ."

"ಸುಮ್ನೆ ಕೂತಿರುತ್ತೀರಾ, ಮೂರು ಗಂಟೆ?"

ಆಕೆ ಗಂಡನ ಮುಖ ನೋಡಲಿಲ್ಲ. "ಸುಮ್ನೆ ಅಲ್ಲ ಮೇಡಂ. ನಾನೂ ಜಪಾನೇ ಮಾಡ್ತಿರ್ತೀನಿ. ಇವತ್ತು ಏನೂ ಸದ್ದಾಗದೇ ಇರಲಪ್ಪಾ ಅಂತ."

ಆಕೆ ಇದನ್ನು ವ್ಯಂಗ್ಯವಾಗಿ ಹೇಳಲಿಲ್ಲ. ದೂರಿನ ದನಿಯೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಬಹುಶಃ ಅದಕ್ಕೇ ಮೇಷ್ಟ್ರಿಗೆ ತಕ್ಷಣ ಬಾಯಿ ಬರಲಿಲ್ಲ. ದೂರು ಹೇಳಿದ್ದರೆ ಅವರ ಹತ್ತಿರ ಉತ್ತರ ತಯಾರಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಹಾಗಂತ ನೀನು ನನಗೆ ಯಾವತ್ತೂ ಹೇಳಲಿಲ್ಲವಲ್ಲ" ಅಂದರು. "ಹೇಳಿದ್ದರೆ ಅದೂ ಒಂದು ಸದ್ದೇ ಆಗ್ತಿತ್ತು" ಅಂದರು ಆಕೆ. ಮೇಷ್ಟ್ರಿಗೆ ಸಿಟ್ಟು ಬಂತು, ಎದ್ದರು, ಮತ್ತೆ ಕೂತರು. ನಾನು ನಡುವೆ ಮಾತಾಡಲಿಲ್ಲ. ಇಂಥ ಹೊತ್ತಿನಲ್ಲಿ ಸಲಹೆಗಾರರು ಬಾಯಿ ಹಾಕಿದರೆ ಇಬ್ಬರೂ ನಮ್ಮ ಕಡೆ ತಿರುಗಿ ಬಚಾವಾಗುತ್ತಾರೆ.

ಆಮೇಲೆ ಮೇಷ್ಟ್ರು ಹೇಳಿದ್ದು ಯಾವ ಪಟ್ಟಿಯಲ್ಲೂ ಇರಲಿಲ್ಲ. "ಮೂವತ್ತು ವರ್ಷ ನಾನು ಒಳಗೆ ಕಾಲಿಟ್ಟರೆ ಕ್ಲಾಸು ತಣ್ಣಗಾಗುತ್ತಿತ್ತು ಮೇಡಂ. ಈಗ ನಾನು ಬಂದರೂ ಟಿವಿ ಆಫ್ ಆಗಲ್ಲ." ಅದನ್ನು ಹೇಳಿದವರೇ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಅದಕ್ಕೆ ವ್ಯಾಖ್ಯಾನ ಕೊಡಲಿಲ್ಲ. ಅವರು ಬುದ್ಧಿವಂತರು, ಜಪದ ಕೋಣೆಯಲ್ಲಿ ತಾನು ಏನು ಹುಡುಕುತ್ತಿದ್ದೆ ಅಂತ ಅವರಿಗೆ ಗೊತ್ತಾಗಿತ್ತು.

ಕೊಟ್ಟ ಸಲಹೆ ಇದು. ಪುರಶ್ಚರಣೆಯನ್ನು ಸದ್ಯಕ್ಕೆ ಮುಂದುವರಿಸಬೇಡಿ. ಆದರೆ ಈ ತೀರ್ಮಾನ ನನ್ನದಾಗಬಾರದು, ನಿಮ್ಮ ಗುರುಗಳ ಹತ್ತಿರ ಹೋಗಿ, ಮಾಲೆ ಎಸೆದದ್ದನ್ನೂ ಸೇರಿಸಿ ಎಲ್ಲ ಹೇಳಿ, ಅವರ ಅಪ್ಪಣೆ ಪಡೆಯಿರಿ. ಅಲ್ಲಿಯವರೆಗೆ ದಿನಕ್ಕೆ ಮೂರೇ ಮಾಲೆ. ಜೊತೆಗೆ, ಸದ್ದು ಬಂದಾಗ ಮಾನಸ ಜಪಕ್ಕೆ ಹೋಗಿ. ಗಟ್ಟಿಯಾಗಿ ಹೇಳುವ ವಾಚಿಕ, ತುಟಿಯಲ್ಲೇ ಹೇಳಿಕೊಳ್ಳುವ ಉಪಾಂಶು, ಮನಸ್ಸಿನಲ್ಲೇ ಮಾಡುವ ಮಾನಸ ಎಂಬ ಮೂರರಲ್ಲಿ ಮಾನಸವೇ ಮೇಲು ಅಂತ ಶಾಸ್ತ್ರವೇ ಹೇಳುತ್ತದಲ್ಲ, ಅದಕ್ಕೆ ಕುಕ್ಕರ್ ಅಡ್ಡಿ ಬರುವುದಿಲ್ಲ. ಮಗು ಬಿದ್ದು ಅತ್ತರೆ ಎದ್ದು ಎತ್ತಿಕೊಳ್ಳಿ. ಜಪದಿಂದ ಎದ್ದ ಮೇಲೆ ಅರ್ಧ ಗಂಟೆ ಮನೆಯಲ್ಲಿ ಯಾರನ್ನೂ ತಿದ್ದಬೇಡಿ. ಇನ್ನೊಂದು, ಜಪದ ಲೆಕ್ಕದ ನೋಟ್‌ಬುಕ್ಕಿನಲ್ಲೇ ಪಕ್ಕಕ್ಕೆ ಒಂದು ಕಾಲಂ ಹಾಕಿ, ಆ ದಿನ ಎಷ್ಟು ಸಲ ದನಿ ಎತ್ತಿದಿರಿ ಅಂತ ಬರೆಯಿರಿ. ಅದನ್ನು ಬರೆಯುವವರು ನೀವೇ, ಹೆಂಡತಿ ಅಲ್ಲ. ಆಕೆಗೆ ಇನ್ನೊಂದು ಕಾವಲು ಕೆಲಸ ಬೇಡ.

ಕೊನೆಯದಕ್ಕೆ ಅವರು ಒಪ್ಪಲಿಲ್ಲ. "ಮಂತ್ರದ ಪುಸ್ತಕದಲ್ಲಿ ಜಗಳದ ಲೆಕ್ಕವಾ?" ಅಂದರು. ಅದೇ ಪುಸ್ತಕದಲ್ಲೇ ಬರೆಯಬೇಕು ಅಂದೆ.

ಈ ಸಲಹೆ ಕೇಳಿ ನನ್ನ ಮೇಲೆ ಎರಡು ಕಡೆಯಿಂದ ಮಾತು ಬಂದಿದೆ. ಒಂದು, ದೇವರ ಜಪವನ್ನು ಕಡಿಮೆ ಮಾಡಿ ಅನ್ನಲು ಆಪ್ತಸಲಹೆಗಾರರಿಗೆ ಏನು ಅಧಿಕಾರ? ಅಧಿಕಾರ ಇಲ್ಲ, ಅದಕ್ಕೇ ಗುರುಗಳ ಹತ್ತಿರ ಕಳಿಸಿದ್ದು. ಆದರೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಪತಂಜಲಿಯ ಯೋಗಸೂತ್ರ, ಸಮಾಧಿಪಾದ, ಮೂವತ್ತನೇ ಸೂತ್ರ ತೆಗೆದು ನೋಡಿ. ಸಾಧನೆಯ ಅಂತರಾಯಗಳು, ಅಂದರೆ ಅಡ್ಡಿಗಳು, ಒಂಬತ್ತು. ಕಾಯಿಲೆ, ಜಡತೆ, ಸಂಶಯ, ಎಚ್ಚರಿಕೆ ಇಲ್ಲದಿರುವುದು, ಸೋಮಾರಿತನ, ಆಸೆ ಬಿಡದಿರುವುದು, ಇಲ್ಲದ್ದನ್ನು ಕಂಡೆ ಅಂದುಕೊಳ್ಳುವ ಭ್ರಾಂತಿ, ನೆಲೆ ಸಿಗದಿರುವುದು, ಸಿಕ್ಕ ನೆಲೆಯಲ್ಲಿ ನಿಲ್ಲದಿರುವುದು. ಒಂಬತ್ತೂ ಸಾಧಕನ ಮೈಮನಸ್ಸಿನೊಳಗೇ ಇವೆ. ಹೆಂಡತಿ, ಸೊಸೆ, ಮೊಮ್ಮಗ ಯಾರೂ ಆ ಪಟ್ಟಿಯಲ್ಲಿಲ್ಲ.

ಮಹಾಭಾರತದ ವನಪರ್ವದ ಕೌಶಿಕನ ಕಥೆ ಎಲ್ಲರಿಗೂ ಗೊತ್ತು, ಆದರೂ ಅದು ತಮ್ಮ ಕಥೆ ಅಂತ ಸಾಧಕರಿಗೆ ಅನ್ನಿಸುವುದೇ ಇಲ್ಲ. ಮರದ ಕೆಳಗೆ ವೇದ ಹೇಳಿಕೊಳ್ಳುತ್ತಿದ್ದ ಅವನ ತಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿತು. ಅವನು ಸಿಟ್ಟಿನಿಂದ ನೋಡಿದ, ಹಕ್ಕಿ ಸತ್ತು ಬಿತ್ತು. ಆಮೇಲೆ ಭಿಕ್ಷೆಗೆ ಹೋದಾಗ ಒಬ್ಬ ಗೃಹಿಣಿ ಹಸಿದು ಬಂದ ಗಂಡನಿಗೆ ಬಡಿಸುತ್ತಾ ಇವನನ್ನು ಕಾಯಿಸಿದಳು. ಮತ್ತೆ ಸಿಟ್ಟು. ನಾನು ಆ ಹಕ್ಕಿಯಲ್ಲ ಅಂದಳು ಆಕೆ. ಅವನನ್ನು ಮಿಥಿಲೆಯಲ್ಲಿ ಮಾಂಸ ಮಾರುವ ಧರ್ಮವ್ಯಾಧನ ಹತ್ತಿರ ಕಳಿಸಿದಳು. ಧರ್ಮವ್ಯಾಧ ತನ್ನ ಮುದಿ ತಂದೆತಾಯಿಯನ್ನು ತೋರಿಸಿ, ನೀನು ನಿನ್ನವರನ್ನು ಕೇಳದೇ ಬಿಟ್ಟು ಬಂದೆ, ಹೋಗಿ ಅವರನ್ನು ನೋಡಿಕೋ ಅಂದ. ಕೌಶಿಕನಿಗೆ ತಪಸ್ಸಿನ ಶಕ್ತಿ ಇರಲಿಲ್ಲ ಅಂತ ಕಥೆ ಹೇಳುವುದಿಲ್ಲ. ಹಕ್ಕಿಯನ್ನು ಸುಡುವಷ್ಟು ಇತ್ತು. ನನಗೆ ಗಾಬರಿ ಹುಟ್ಟಿಸುವುದು ಅದೇ. ಜಪ ಜಾಸ್ತಿಯಾದಂತೆ ಸಿಟ್ಟು ತಾನಾಗಿ ಕಡಿಮೆಯಾಗುತ್ತದೆ ಅಂತ ನಾವು ನಂಬುತ್ತೇವೆ. ಎರಡೂ ಒಟ್ಟಿಗೆ ಬೆಳೆದ ಮನೆಗಳನ್ನು ನಾನು ನೋಡಿದ್ದೇನೆ. ಈ ಕಥೆಯನ್ನು ಮೇಷ್ಟ್ರಿಗೆ ಹೇಳಲಿಲ್ಲ. ಮೇಷ್ಟ್ರಿಗೆ ಪಾಠ ಮಾಡಲು ಹೋದರೆ ಅವರು ನಮಗೇ ಮಾರ್ಕ್ಸ್ ಹಾಕುತ್ತಾರೆ.

ಇನ್ನೊಂದು ಕಡೆಯ ಆಕ್ಷೇಪ ನನ್ನ ವೃತ್ತಿಯವರದ್ದೇ. ಮನೆಯವರನ್ನೆಲ್ಲ ಹೆದರಿಸಿ ಇಟ್ಟ ಮನುಷ್ಯನಿಗೆ ಮಂತ್ರ, ಮಾನಸ ಜಪ ಅಂತ ಯಾಕೆ ಹೇಳಿಕೊಡಬೇಕು, ಅದನ್ನೆಲ್ಲ ಬಿಡಿಸಬಹುದಿತ್ತಲ್ವಾ? ಬಿಡಿಸಿ ಅಂತ ಹೆಂಡತಿಯೇ ಕೇಳಲಿಲ್ಲ. "ಜಪ ಮಾತ್ರ ಬಿಡಿಸಬೇಡಿ ಮೇಡಂ, ಬಿಟ್ಟರೆ ಇಡೀ ದಿನ ನನ್ನ ಹಿಂದೇನೇ ಓಡಾಡ್ತಾರೆ" ಅಂದರು ಆಕೆ. ತಮಾಷೆಯ ಮಾತಿರಬಹುದು, ಆದರೆ ಆಕೆಗೂ ದೇವರ ಮೇಲೆ ನಂಬಿಕೆಯಿತ್ತು, ಗಂಡನ ಶ್ರದ್ಧೆಯ ಬಗ್ಗೆ ಗೌರವವಿತ್ತು. ಒಬ್ಬರ ಭಕ್ತಿಯನ್ನು ರೋಗ ಅಂತ ಕರೆಯುವುದು ಸುಲಭ. ಹಾಗೆ ಕರೆದ ಮರುದಿನದಿಂದ ಅವರು ನಮ್ಮ ಹತ್ತಿರ ಬರುವುದಿಲ್ಲ, ಮನೆಯಲ್ಲಿ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ.

ಒಂದು ವಿಷಯ ಇಲ್ಲಿ ಬರೆಯಲೇಬೇಕು. ಮಾತಿನ ನಡುವೆ ಮೇಷ್ಟ್ರು ಸ್ವಲ್ಪ ಹೆಮ್ಮೆಯಿಂದ ಹೇಳಿದ್ದರು: ಹದಿನೈದನೇ ಮಾಲೆಯ ನಂತರ ಕೈ ನಡುಗುತ್ತದೆ, ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮಂತ್ರ ಕೆಲಸ ಮಾಡುತ್ತಿದೆ ಅಂತ ಅದರ ಅರ್ಥ. ನಾನು ಕೇಳಿದ್ದು ಬೇರೆ. ಶುಗರ್ ಇದೆಯಾ? ಇತ್ತು. ಮಾತ್ರೆ ಯಾವಾಗ? ಬೆಳಗ್ಗೆ ಎದ್ದ ಕೂಡಲೇ, ಮೂರೂವರೆಗೆ. ತಿಂಡಿ? ಜಪ, ಪೂಜೆ ಎಲ್ಲ ಮುಗಿಸಿ ಒಂಬತ್ತರ ನಂತರ. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ನುಂಗಿ ಗಂಟೆಗಟ್ಟಲೆ ಏನೂ ತಿನ್ನದಿದ್ದರೆ ರಕ್ತದ ಸಕ್ಕರೆ ತೀರಾ ಕೆಳಗೆ ಹೋಗುತ್ತದೆ. ನಡುಕ, ಬೆವರು, ಎದೆ ಬಡಿತ, ಸಿಡುಕು ಎಲ್ಲ ಅದರ ಲಕ್ಷಣಗಳೇ. ಇನ್ನೂ ಇಳಿದರೆ ಪ್ರಜ್ಞೆಯೂ ತಪ್ಪಬಹುದು. ಅವತ್ತೇ ಅವರ ಡಾಕ್ಟರ ಹತ್ತಿರ ಕಳಿಸಿದೆ. ಆ ಹೊತ್ತಿನಲ್ಲಿ ಪರೀಕ್ಷೆ ಮಾಡಿದಾಗ ಸಕ್ಕರೆ ಕಡಿಮೆಯೇ ಬಂತು. ಡಾಕ್ಟರು ಮಾತ್ರೆಯನ್ನು ತಿಂಡಿಯ ಜೊತೆ ಬರುವಂತೆ ಬದಲಿಸಿದರು. ನಡುಕ ನಿಂತಿತು. ಪತಂಜಲಿಯ ಪಟ್ಟಿಯಲ್ಲಿ ಮೊದಲ ಹೆಸರು ವ್ಯಾಧಿ. ಮುಂದಿನ ಸೂತ್ರದಲ್ಲೇ ಮೈ ನಡುಗುವುದನ್ನೂ ಚಿತ್ತ ಚದುರಿದಾಗ ಜೊತೆಗೆ ಬರುವ ತೊಂದರೆಗಳ ಸಾಲಿಗೆ ಸೇರಿಸಿದ್ದಾನೆ. ಎಲ್ಲ ಅನುಭವವೂ ಸಕ್ಕರೆಯ ಆಟ ಅಂತ ನಾನು ಹೇಳುತ್ತಿಲ್ಲ. ಮೊದಲು ಗ್ಲುಕೋಮೀಟರ್ ನೋಡಿ ಅನ್ನುತ್ತಿದ್ದೇನೆ, ಅಷ್ಟೇ. ನಾಲ್ಕು ಗಂಟೆ ನಿದ್ದೆಯಲ್ಲಿ ದಿನ ದೂಡುವವರಿಗೂ ಇದೇ ಮಾತು. ಊಟ, ನಿದ್ದೆ ಎರಡೂ ಹಿತಮಿತವಾಗಿರಬೇಕು ಎಂದು ಗೀತೆಯ ಆರನೇ ಅಧ್ಯಾಯದಲ್ಲಿ ಕೃಷ್ಣನೇ ಹೇಳಿದ್ದಾನೆ.

ಗುರುಗಳ ಹತ್ತಿರ ಹೋಗಲು ಮೇಷ್ಟ್ರು ಬಹಳ ದಿನ ಹಿಂಜರಿದರು. ಅರ್ಧಕ್ಕೆ ಬಿಟ್ಟರೆ ದೋಷ ತಟ್ಟುತ್ತದೆ ಎಂಬ ಭಯ ಬೇರೆ. ಇಲ್ಲಿ ಮಾಡಿದ ಪ್ರಯತ್ನ ಹಾಳಾಗುವುದಿಲ್ಲ, ಅದರಿಂದ ಕೇಡೂ ಇಲ್ಲ ಎನ್ನುವ ಗೀತೆಯ ಎರಡನೇ ಅಧ್ಯಾಯದ ಮಾತನ್ನು ನೆನಪಿಸಿದೆ. ಅದು ಕರ್ಮಯೋಗದ ಸಂದರ್ಭದ ಮಾತು, ಪುರಶ್ಚರಣೆಗೆ ಅನ್ವಯಿಸುತ್ತದೋ ಇಲ್ಲವೋ ಗುರುಗಳೇ ಹೇಳಲಿ ಅಂತಲೂ ಅಂದೆ. ಕೊನೆಗೆ ಹೋದರು. ಗುರುಗಳು ಸಂಕಲ್ಪವನ್ನು ಸದ್ಯಕ್ಕೆ ನಿಲ್ಲಿಸಲು ಅನುಮತಿ ಕೊಟ್ಟು, ನಿತ್ಯಜಪ ಬಿಡಬೇಡಿ ಅಂದರಂತೆ. ಬೈದರಾ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಸಿಟ್ಟಿನ ಕಾಲಂ ಕೂಡ ಶುರುವಾಯಿತು. ಮೊದಲ ವಾರ ಎಲ್ಲ ಸೊನ್ನೆ, ಅಂದರೆ ಸುಳ್ಳು. ಆಮೇಲೆ ಅಂಕಿಗಳು ಬರತೊಡಗಿದವು. ಇಳಿಯುತ್ತಿವೆ, ಆದರೆ ಹಬ್ಬದ ದಿನಗಳಲ್ಲಿ ಏರುತ್ತವೆ. ಧಾರಾವಾಹಿಯ ವಿಷಯದಲ್ಲಿ ಅವರಿನ್ನೂ ರಾಜಿಯಾಗಿಲ್ಲ.

ಓದುಗರಲ್ಲಿ ಕೆಲವರಿಗೆ ಈ ಸಲಹೆ ಹೊಂದುವುದಿಲ್ಲ. ಜಪದ ನಡುವೆ ಕೆಟ್ಟ ಯೋಚನೆ ಬಂತು ಅಂತ ಮಾಲೆಯನ್ನು ಮತ್ತೆ ಮತ್ತೆ ಮೊದಲಿಂದ ಶುರು ಮಾಡುವವರು, ಮಡಿ ಕೆಟ್ಟಿತು ಅಂತ ದಿನಕ್ಕೆ ಹತ್ತಾರು ಸಲ ಸ್ನಾನ ಮಾಡುವವರು, ನಿಲ್ಲಿಸಬೇಕು ಅಂದರೂ ನಿಲ್ಲಿಸಲಾಗದೆ ಅಳುವವರು ಇದ್ದಾರೆ. ಅದು ಗೀಳು ಕಾಯಿಲೆ ಇರಬಹುದು. ಅದಕ್ಕೆ ಮನೋವೈದ್ಯರ ಹತ್ತಿರ ಔಷಧಿಯಿದೆ, ತರಬೇತಿಯಾದವರ ಹತ್ತಿರ ಚಿಕಿತ್ಸೆಯಿದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇವರನ್ನು ನಿಮ್ಮ ಹತ್ತಿರ ಕರೆತರುವುದು ಹೇಗೆ? "ನಿಮ್ಮ ಪೂಜೆ ಅತಿಯಾಯ್ತು" ಅಂತ ಮಾತ್ರ ಶುರು ಮಾಡಬೇಡಿ. ಅಲ್ಲಿಗೆ ಬಾಗಿಲು ಮುಚ್ಚಿತು. ನಿದ್ದೆ ಸರಿಯಾಗಿ ಬರುತ್ತಿಲ್ಲವಲ್ಲ, ಬಿಪಿ ಏರುತ್ತಿದೆಯಲ್ಲ ಅಂತ ಅಲ್ಲಿಂದ ಮಾತು ತೆಗೆಯಿರಿ.