ಕೇಪೋ ಇಲ್ಲದೆ ಆಡ್9 ಕಾರ್ಡನ್ನು ಬೇಕಾದ ಶ್ರುತಿಗೆ ಸರಿಸುವುದು ಹೇಗೆ?

ಓಪನ್ ಸಿ ಆಡ್9 ಚೆನ್ನಾಗಿ ಬರುತ್ತದೆ, ಆದರೆ ಹಾಡುವವರು ಶ್ರುತಿ ಬದಲಿಸಿದ ಕೂಡಲೇ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹುಡುಕಬೇಕಾಗುತ್ತದೆ, ಅದಿಲ್ಲದೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾನು ಶಿರಸಿಯವನು, ಭಾವಗೀತೆ ಹಾಡುವವರ ಪಕ್ಕದಲ್ಲಿ ಗಿಟಾರ್ ಹಿಡಿದು ಕೂರುತ್ತೇನೆ. ನಮ್ಮಲ್ಲಿ ಸಿ ಶಾರ್ಪ್ ಅಂತ ಯಾರೂ ಹೇಳುವುದಿಲ್ಲ, ವೇದಿಕೆ ಹತ್ತಿದ ಮೇಲೆ ಹಿಂದೆ ತಿರುಗಿ ‘ಕಪ್ಪು ಒಂದು’ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅಂತಾರೆ, ಅಷ್ಟೇ. ಹಾಗಾಗಿ ನಿಮ್ಮ ಕಷ್ಟ ನನಗೆ ಗೊತ್ತು.

ನಮ್ಮ ಕಡೆ ಹಿಂದೂಸ್ತಾನಿ ಕೇಳಿದವರು ಜಾಸ್ತಿ, ಸ್ವರದಲ್ಲೇ ಹೇಳ್ತೀನಿ. ಆಡ್9 ಅಂದರೆ ಸ, ಗ, ಪ, ಮೇಲಿನ ಸಪ್ತಕದ ಶುದ್ಧ ರಿ ಒಟ್ಟಿಗೆ ನುಡಿಯುವ ಕಾರ್ಡ್. ಗ ಬಿಟ್ಟರೆ ಅದು ಸಸ್2. ಕೋಮಲ ನಿ ಸೇರಿಸಿದರೆ ಬರೀ 9 ಅನ್ನುವ ಬೇರೆಯೇ ಕಾರ್ಡ್. ಎಷ್ಟೋ ಜನ ಸಸ್2 ಬಾರ್ರೆ (ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತುವುದು) ಹಿಡಿದು ಆಡ್9 ಅಂದುಕೊಂಡಿರುತ್ತಾರೆ.

ಓಪನ್ ಸಿ ಆಡ್9 ಯಾಕೆ ಸರಿಯುವುದಿಲ್ಲ? ಜಿ ತಂತಿ ಖಾಲಿ ಇದೆ, ಅದಕ್ಕೇ. ಎ ತಂತಿಯಲ್ಲಿ 3ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ), ಡಿಯಲ್ಲಿ 2, ಜಿ ಖಾಲಿ, ಬಿಯಲ್ಲಿ 3. ಇದನ್ನೇ ಎರಡು ಫ್ರೆಟ್ ಮೇಲೆ ತಂದರೆ 5, 4, 2, 5. ಡಿ ಆಡ್9 ಆಯಿತು. ಆ 2ಕ್ಕೆ ಒಂದು ಬೆರಳು ಬೇಕು, ಆದ್ದರಿಂದ ತೋರುಬೆರಳನ್ನು ಅಲ್ಲಿಗೆ ಬಿಟ್ಟುಕೊಡಿ: ಎ ಮೇಲೆ ಉಂಗುರಬೆರಳು, ಡಿ ಮೇಲೆ ನಡುಬೆರಳು, ಜಿ ಮೇಲೆ ತೋರುಬೆರಳು, ಬಿ ಮೇಲೆ ಕಿರುಬೆರಳು. ಓಪನ್ ಕಾರ್ಡನ್ನೂ ಇನ್ನು ಮುಂದೆ ಇದೇ ಬೆರಳುಗಳಲ್ಲಿ ಹಿಡಿಯುವ ಅಭ್ಯಾಸ ಮಾಡಿ.

ಈಗ ನಿಜವಾದ ಮಜಾ. ಇದೇ ಬೆರಳುಗಳನ್ನು ಅದೇ ಜಾಗದಲ್ಲಿ ಒಂದು ತಂತಿ ಕೆಳಗೆ, ಅಂದರೆ ಡಿ, ಜಿ, ಬಿ, ಸಣ್ಣ ಇ ಮೇಲೆ ಇಳಿಸಿ: 5, 4, 3, 5. ಇದು ಜಿ ಆಡ್9. ಒಂದು ತಂತಿ ಮೇಲೆ ಹೋಗಿ, ದಪ್ಪ ಇಯಿಂದ ಶುರು ಮಾಡಿ: 5, 4, 2, 4. ಇದು ಎ ಆಡ್9. ಮೂರೂ ಒಂದೇ ಆಕಾರ, ಮೂರು ಬೇರೆ ಕಾರ್ಡ್ ಅಂತ ಬಾಯಿಪಾಠ ಮಾಡಬೇಡಿ. ಅಲ್ಲಲ್ಲಿ ಒಂದು ಫ್ರೆಟ್ ವ್ಯತ್ಯಾಸ ಬರುವುದು ಬಿ ತಂತಿಯಿಂದ. ಉಳಿದ ಅಕ್ಕಪಕ್ಕದ ತಂತಿಗಳ ನಡುವೆ 5 ಫ್ರೆಟ್ ಅಂತರ, ಜಿ ಮತ್ತು ಬಿ ನಡುವೆ ಮಾತ್ರ 4. ಹಾಗಾಗಿ ಬಿ ಮತ್ತು ಸಣ್ಣ ಇ ಮೇಲೆ ಬೀಳುವ ಬೆರಳು ಒಂದು ಫ್ರೆಟ್ ಮುಂದೆ ಹೋಗುತ್ತದೆ.

ಡಿಯನ್ನು ಸ ಅಂತ ಇಟ್ಟುಕೊಂಡರೆ ಜಿ ಮ ಆಯಿತು, ಎ ಪ ಆಯಿತು. ಒಂದು ಹಾಡಿಗೆ ಮುಖ್ಯವಾಗಿ ಬೇಕಾದ ಮೂರು ಕಾರ್ಡ್ ಕೈ ಕದಲಿಸದೆ ಅಲ್ಲೇ ಸಿಕ್ಕಿತು, ಅಲ್ವಾ? ಗಾಯಕರು ಕಪ್ಪು ಒಂದು ಅಂದರೆ ಇಡೀ ಗುಂಪನ್ನು ಒಂದು ಫ್ರೆಟ್ ಹಿಂದೆ ಎಳೆಯಿರಿ, ಎ ತಂತಿಯಲ್ಲಿ 4ರಿಂದ ಶುರು. ಕಪ್ಪು ಎರಡು ಅಂದರೆ 6ರಿಂದ. ದಪ್ಪ ಇ ಮೇಲಿನದು ಮಾತ್ರ ಸ್ವಲ್ಪ ಗುಂಯ್ ಅನ್ನುತ್ತದೆ, ಅದನ್ನು ಬಾರಿಸುವ ಬದಲು ಒಂದೊಂದೇ ತಂತಿ ಮೀಟಿ.

ಬೇಡದ ತಂತಿ ಬಾಯಿ ಮುಚ್ಚಿಸುವುದೇ ಇಲ್ಲಿ ಅರ್ಧ ಕೆಲಸ. ಎ ತಂತಿಯ ಆಕಾರದಲ್ಲಿ ಉಂಗುರಬೆರಳಿನ ತುದಿ ದಪ್ಪ ಇಗೆ ತಾಗಿಕೊಂಡಿರಲಿ, ತೋರುಬೆರಳು ಸ್ವಲ್ಪ ಮಲಗಿ ಸಣ್ಣ ಇಯನ್ನು ಮುಟ್ಟಿರಲಿ. ಅದು ಜೋರಾಗಿ ಒತ್ತಿಹೋದರೂ ಪರವಾಗಿಲ್ಲ, ಕೇಳಿಸುವುದು ಗ.

ಕೈ ಚಾಚುವುದು ಕಷ್ಟವಾದರೆ ಮೊದಲು 9, 10ನೇ ಫ್ರೆಟ್ ಹತ್ತಿರ ಕಲಿಯಿರಿ. 648 ಮಿಲಿಮೀಟರ್ ಸ್ಕೇಲ್‌ನ ಗಿಟಾರ್‌ನಲ್ಲಿ ಮೊದಲ ಫ್ರೆಟ್ ಸುಮಾರು 36 ಮಿಲಿಮೀಟರ್ ಅಗಲ, 12ನೆಯದು ಸುಮಾರು 19. ಅಲ್ಲಿ ಸಲೀಸಾದ ಮೇಲೆ ಕೆಳಗೆ ಇಳಿಯುತ್ತಾ ಬನ್ನಿ. ಇನ್ನೊಂದು, ಮಳೆಗಾಲದಲ್ಲಿ ನಮ್ಮ ಥಂಡಿಗೆ ಮರ ಉಬ್ಬಿ ತಂತಿ ಫ್ರೆಟ್‌ನಿಂದ ಮೇಲೇಳುತ್ತದೆ, ಆಗ ಕೈ ನೋವು ನಿಮ್ಮ ತಪ್ಪಲ್ಲ. ಕಾರವಾರ, ಕುಮಟಾ ಕಡೆಯವರಾದರೆ ಉಪ್ಪು ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಸರಿಸುವಾಗ ಕಿರ್ ಅನ್ನುತ್ತದೆ. ನುಡಿಸಿ ಆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಯೇ ಇಡಿ.

ಮೈನರ್ ಬೇಕಾದರೆ ಗ ಮಾತ್ರ ಒಂದು ಫ್ರೆಟ್ ಹಿಂದೆ: ಎ ತಂತಿಯಿಂದ 5, 3, 2, 5; ಡಿ ತಂತಿಯಿಂದ 5, 3, 3, 5. ಎರಡನೆಯದೇ ಸುಲಭ, ತೋರುಬೆರಳು ಎರಡು ತಂತಿ ಒತ್ತಿಬಿಡುತ್ತದೆ. ಆದರೆ ಸಿಕ್ಕ ಕಡೆಯೆಲ್ಲ ಆಡ್9 ತುರುಕಬೇಡಿ. ಹಾಡು ಮೇಜರ್ ಸ್ಕೇಲ್‌ನಲ್ಲಿದ್ದರೆ ಹಾಡಿನ ರಿ ಅಥವಾ ಧ ಸ್ವರದಿಂದ ಶುರುವಾಗುವ ಮೈನರ್‌ಗೆ ಇದು ಚೆನ್ನಾಗಿ ಕೂರುತ್ತದೆ. ಗ ಮೇಲಿನ ಮೈನರ್‌ಗೆ ಕೂರುವುದಿಲ್ಲ, ಅಲ್ಲಿ ಶುದ್ಧ ಮ ಇರುವ ಹಾಡಿಗೆ ತೀವ್ರ ಮ ಬಂದುಬಿಡುತ್ತದೆ. ಆ ಜಾಗದಲ್ಲಿ ಸುಮ್ನೆ ಸಾದಾ ಮೈನರ್ ಹಿಡಿಯಿರಿ.