ಅನ್‌ಲಿಮಿಟೆಡ್ ಪ್ಯಾಕ್ ಇದ್ರೂ ಮಧ್ಯಾಹ್ನಕ್ಕೇ ನೆಟ್ ಸ್ಲೋ ಆಗೋದು ಯಾಕೆ

ವಾರದಲ್ಲಿ ಎರಡ್ಮೂರು ದಿನ ಮಧ್ಯಾಹ್ನಕ್ಕೇ ನೆಟ್ ಸತ್ತೋಗುತ್ತೆ ಅಂದ್ರಲ್ಲ, ಅದು ಸಿಮ್ ಪ್ರಾಬ್ಲಮ್ ಇರ್ಲಿಕ್ಕಿಲ್ಲ, ನಿಮ್ಮ 28 ದಿನದ ಪ್ಯಾಕಲ್ಲಿ ದಿನಕ್ಕೆ ಸಿಗೋ 1.5 ಜಿಬಿ ಡೇಟಾ ಮುಗಿದೋಗ್ತಿರ್ಬೇಕು. ಅನ್‌ಲಿಮಿಟೆಡ್ ಅನ್ನೋದು ಕಾಲ್‌ಗೆ ಸರಿ, ಡೇಟಾಗೆ ಅಂದ್ರೆ ಕೋಟಾ ಆದ್ಮೇಲೆ ಹೆಚ್ಚಾಗಿ 64 ಕೆಬಿಪಿಎಸ್ ಸ್ಪೀಡಲ್ಲಿ ತೆವಳುತ್ತೆ ಅಂತ, ವಾಟ್ಸಾಪ್ ಮೆಸೇಜ್ ಹೆಂಗೋ ಹೋಗುತ್ತೆ, ಫೋಟೋ ಮಾತ್ರ ಸುತ್ತುತ್ತಾನೇ ಇರುತ್ತೆ. ರಾತ್ರಿ 12 ಆದ್ಮೇಲೆ ತಾನೇ ಸರಿಹೋದ್ರೆ ಡೌಟೇ ಬೇಡ, ಇದೇ.

ಮೊದ್ಲು ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ತೆಗೀರಿ (ನಿಮ್ಮ ಫೋನಲ್ಲಿ ಹೆಸ್ರು ಸ್ವಲ್ಪ ಬೇರೆ ಇರಬಹುದು), ಯಾವ ಆ್ಯಪ್ ಜಾಸ್ತಿ ತಿಂತಿದೆ ನೋಡಿ. ನಂದ್ರಲ್ಲಿ ಸಿಕ್ಕ ಕಳ್ಳ ಫೋಟೋ ಬ್ಯಾಕಪ್ಪು, ತಂಗಿ ಮದುವೆ ವಿಡಿಯೋಗಳನ್ನೆಲ್ಲ ಸದ್ದಿಲ್ದೆ ಅಪ್‌ಲೋಡ್ ಮಾಡ್ತಾ ಕೂತಿತ್ತು. ಬ್ಯಾಕಪ್ಪು, ಆ್ಯಪ್ ಅಪ್‌ಡೇಟು ಎರಡನ್ನೂ ವೈಫೈ ಇದ್ದಾಗ ಮಾತ್ರ ಅಂತ ಮಾಡಿ, ವಾಟ್ಸಾಪಲ್ಲಿ ಆಟೋ ಡೌನ್‌ಲೋಡ್ ತೆಗ್ದು ಹಾಕಿ, ಯೂಟ್ಯೂಬ್ ವಿಡಿಯೋ ಕ್ವಾಲಿಟಿ 480pಗೆ ಇಳಿಸಿ.

ಒಂದ್ವಾರ ಹಿಂಗೇ ನೋಡಿ. ಆಮೇಲೂ ದಿನಾ ಸಾಲ್ದಿದ್ರೆ 2 ಜಿಬಿ ಪ್ಯಾಕ್‌ಗೆ ಹೋಗಿ, 5ಜಿ ಫೋನೂ ಸಿಗ್ನಲ್ಲೂ ಇದ್ರೆ ಕೆಲವು 2 ಜಿಬಿ ಪ್ಯಾಕಲ್ಲಿ 5ಜಿ ಡೇಟಾ ಕೋಟಾಗೇ ಸೇರಲ್ಲ, ಅದು ಲಾಭ. ಬರೀ ಎರಡ್ಮೂರು ದಿನದ ಗೋಳಾದ್ರೆ ದಿನದ ಲಿಮಿಟ್ ಇಲ್ದಿರೋ, ಒಟ್ಟಿಗೆ ಇಷ್ಟು ಜಿಬಿ ಅಂತ ಕೊಡೋ ಪ್ಯಾಕ್ ನೋಡಿ. ಅದ್ರಲ್ಲಿ ಒಟ್ಟು ಡೇಟಾ ಕಮ್ಮಿ ಇರುತ್ತೆ ನಿಜ, ಆದ್ರೆ ಈಗ 28 ದಿನಕ್ಕೆ 42 ಜಿಬಿಗೆ ದುಡ್ಡು ಕೊಟ್ಟು ದಿನಾ ಉಳಿದಿದ್ದನ್ನ ರಾತ್ರಿ 12ಕ್ಕೆ ಕಳ್ಕೊಳ್ತಿದೀರಲ್ಲ. ಹೋದ ತಿಂಗಳ ಒಟ್ಟು ಬಳಕೆ ಅದೇ ಡೇಟಾ ಯೂಸೇಜ್ ಪೇಜಲ್ಲಿರುತ್ತೆ, ಅದನ್ನ ನೋಡ್ಕೊಂಡು ರೀಚಾರ್ಜ್ ಮಾಡಿ.