ರಾಯಚೂರಿನ ಹತ್ತಿಗೂ ವಾಷಿಂಗ್ಟನ್ನಿಗೂ ಏನು ಸಂಬಂಧ?

"ವಿದೇಶಾಂಗ ನೀತಿಯಲ್ಲಿ ಎಲ್ಲ ಸರ್ಕಾರಗಳೂ ಹೇಳೋದೊಂದು, ಮಾಡೋದೊಂದು ಅಂತಾರೆ. ಇದು ನಮ್ಮಂಥವರ ಬದುಕಿಗೆ ನಿಜವಾಗಿ ತಟ್ಟುತ್ತದೆಯೇ?" ಎಂದು ಕೇಳಿದ್ದೀರಿ. ತಟ್ಟುತ್ತದೆ. ನಮ್ಮದು ರಾಯಚೂರು ಜಿಲ್ಲೆ, ಮಾನ್ವಿ ಕಡೆ. ಮನೆಯಲ್ಲಿ ಹತ್ತಿ ಬೆಳೆಯುತ್ತೇವೆ. ಹಾಗಾಗಿ ಹತ್ತಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

2025ರ ಆಗಸ್ಟ್ ತಿಂಗಳು ನೋಡಿ. ರಷ್ಯಾದ ಎಣ್ಣೆ ಕೊಳ್ಳುತ್ತೀರಿ ಅಂತ ಅಮೆರಿಕ ನಮ್ಮ ಸರಕಿನ ಮೇಲೆ ಇನ್ನೂ 25% ಸುಂಕ ಹಾಕಿತು. ಮೊದಲಿನದು ಸೇರಿ 50% ಆಯ್ತು. ಅದೇ ಅಮೆರಿಕ ತನ್ನ ಅಣು ಸ್ಥಾವರಗಳಿಗೆ ರಷ್ಯಾದ ಯುರೇನಿಯಂ, ಹೊಲಗಳಿಗೆ ರಷ್ಯಾದ ಗೊಬ್ಬರ ತರಿಸಿಕೊಳ್ಳುತ್ತಲೇ ಇತ್ತು. ನಮ್ಮ ವಿದೇಶಾಂಗ ಸಚಿವಾಲಯ ಇದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿತು. ಸರಿಯಾಗಿಯೇ ಹೇಳಿತು. ಆಗಸ್ಟ್ 7ರಂದು ದೆಹಲಿಯಲ್ಲಿ, ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಜನ್ಮಶತಮಾನೋತ್ಸವದ ಸಮ್ಮೇಳನದಲ್ಲಿ ಪ್ರಧಾನಿ ಮಾತಾಡಿದರು. ರೈತರ ಹಿತದಲ್ಲಿ ರಾಜಿ ಇಲ್ಲ, ಅದಕ್ಕೆ ಎಷ್ಟೇ ಬೆಲೆ ತೆರಬೇಕಾದರೂ ಸಿದ್ಧ ಅಂದರು. ನಮ್ಮೂರಿನಲ್ಲಿ ಅದನ್ನು ಕೇಳಿ ಬಹಳ ಜನ ಧೈರ್ಯ ತಂದುಕೊಂಡರು.

ಸರಿಯಾಗಿ 12 ದಿನಕ್ಕೆ, ಆಗಸ್ಟ್ 19ರಿಂದ, ಹೊರದೇಶದ ಹತ್ತಿಯ ಮೇಲಿದ್ದ 11% ಆಮದು ಸುಂಕ ತೆಗೆದರು. ಮೊದಲು ಸೆಪ್ಟೆಂಬರ್ 30ರವರೆಗೆ ಮಾತ್ರ ಅಂದರು. ಆಮೇಲೆ ಡಿಸೆಂಬರ್ 31ಕ್ಕೆ ಎಳೆದರು.

ಈ ತಾರೀಕುಗಳನ್ನು ಸ್ವಲ್ಪ ಗಮನಿಸಿ. ನಮ್ಮ ಕಡೆ ಜೂನ್-ಜುಲೈಯಲ್ಲಿ ಬಿತ್ತನೆ. ಬೀಜ, ಗೊಬ್ಬರ, ಔಷಧಿಗೆ ಸಾಲ ಆಗಲೇ ಆಗಿರುತ್ತದೆ. ಸುಂಕ ಇದೆ, ದರ ಪೂರ್ತಿ ಬೀಳಲ್ಲ ಅನ್ನೋ ಲೆಕ್ಕದಲ್ಲೇ ಹತ್ತಿ ಹಾಕಿರುತ್ತೇವೆ. ಅಕ್ಟೋಬರ್ ಹೊತ್ತಿಗೆ ಹತ್ತಿ ಬಿಡಿಸೋಕೆ ಶುರು, ಜನವರಿವರೆಗೂ ಮಾರುಕಟ್ಟೆಗೆ ಬರುತ್ತಿರುತ್ತದೆ. ನಾವು ಮಾರುವ ಕಾಲಕ್ಕೆ ಸರಿಯಾಗಿ ಹೊರಗಿನ ಹತ್ತಿಗೆ ಬಾಗಿಲು ತೆರೆದಿತ್ತು.

ನವೆಂಬರಿನಲ್ಲಿ ನಮ್ಮ ಕಾಕಾನ ಜೊತೆ ಸರ್ಕಾರಿ ಖರೀದಿ ಕೇಂದ್ರಕ್ಕೆ ಹತ್ತಿ ಗಾಡಿ ತಗೊಂಡು ಹೋಗಿದ್ದೆ. ಆ ವರ್ಷ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ. ಆ ದರ ಬೇಕಾದರೆ ಮೊದಲು ಮೊಬೈಲ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಬೇಕು, ಪಾಳಿ ಬರುವವರೆಗೆ ಕಾಯಬೇಕು. ತೇವಾಂಶ 8% ಒಳಗಿದ್ದರೆ ಪೂರ್ತಿ ದರ, 12% ದಾಟಿದರೆ ವಾಪಸ್. ತೂಕಕ್ಕೆ ಮುಂಚೆ ಒಬ್ಬ ಹುಡುಗ ಹತ್ತಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಮೀಟರ್ ಇಟ್ಟ. "ಹದಿನಾಲ್ಕೈತಿ ಕಾಕಾ, ಒಣಗಿಸ್ಕೊಂಡು ಬರ್ರಿ" ಅಂದ. ಆ ವಾರ ಪೂರ್ತಿ ಮೋಡ, ನಡುನಡುವೆ ಮಳೆ. ಎಲ್ಲಿ ಒಣಗಿಸೋದು? ಗಾಡಿ ಬಾಡಿಗೆ ಬೇರೆ ಏರುತ್ತಿತ್ತು. ಕೊನೆಗೆ ಹೊರಗಿನ ವ್ಯಾಪಾರಿಗೆ, ಅವನು ಹೇಳಿದ ದರಕ್ಕೆ ಕೊಟ್ಟು ಬಂದೆವು. ಹತ್ತಿ ಬಿಡಿಸಿದ ಹೆಣ್ಣುಮಕ್ಕಳ ಕೂಲಿ ಅದರಲ್ಲೇ ಕೊಡಬೇಕಿತ್ತು.

ಅಮೆರಿಕದ ಸುಂಕದಿಂದ ಬಟ್ಟೆ ಗಿರಣಿಗಳಿಗೂ ಆಗ ಕಷ್ಟ ಇತ್ತು. ಅವರಿಗೆ ಹತ್ತಿ ಅಗ್ಗಕ್ಕೆ ಸಿಗಲಿ ಅಂತಲೇ ಆಮದು ಸುಂಕ ತೆಗೆದದ್ದು. ತಿರುಪ್ಪೂರಿನಲ್ಲಿ ಹೊಲಿಗೆ ಮಾಡುವವರ ಕೆಲಸವೂ ಉಳಿಯಬೇಕು. ಅದನ್ನು ನಾನು ಒಪ್ಪುತ್ತೇನೆ. ಆದರೆ ಅಮೆರಿಕ ಕೊಟ್ಟ ಪೆಟ್ಟನ್ನು ಖಜಾನೆ ತಡೆದುಕೊಳ್ಳಬಹುದಿತ್ತು. ಆದರೆ ಅದು ಬಿದ್ದದ್ದು ಹತ್ತಿ ಬೆಳೆಯುವವನ ಬೆನ್ನಿಗೆ.

ಪಕ್ಷ ನೋಡಿ ಮಾತಾಡುತ್ತಿದ್ದೀನಿ ಅಂತ ತಿಳಿಯಬೇಡಿ. 2012ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಮುಂದಾಳತ್ವದ ಸರ್ಕಾರ ಇತ್ತು. ಆಗ ಹತ್ತಿ ರಫ್ತನ್ನೇ ರಾತ್ರೋರಾತ್ರಿ ನಿಷೇಧಿಸಿ, ಗಲಾಟೆ ಆದ ಮೇಲೆ ಹಿಂದೆ ಸರಿದಿದ್ದರು. ಒಮ್ಮೆ ರಫ್ತು ಬಂದ್. ಇನ್ನೊಮ್ಮೆ ಆಮದು ಮುಕ್ತ. ಎರಡರಲ್ಲೂ ಹೊಡೆತ ಬಿದ್ದದ್ದು ಒಂದೇ ಕಡೆ.

ಇನ್ನು ಮುಕ್ತ ವ್ಯಾಪಾರದ ಪಾಠ ಹೇಳುವ ಅಮೆರಿಕದ ವಿಷಯ. ತನ್ನ ಹತ್ತಿ ಬೆಳೆಗಾರರಿಗೆ ಅದು ಕೊಡುವ ಸಬ್ಸಿಡಿ ವಿರುದ್ಧ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಅಮೆರಿಕ ಸಬ್ಸಿಡಿ ಪೂರ್ತಿ ನಿಲ್ಲಿಸಲಿಲ್ಲ. 2010ರಲ್ಲಿ ಬ್ರೆಜಿಲ್ ಪ್ರತೀಕಾರದ ಸುಂಕ ಹಾಕಲು ಹೊರಟಾಗ, ಅಲ್ಲಿನ ಹತ್ತಿ ಬೆಳೆಗಾರರ ನಿಧಿಗೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡುತ್ತೇವೆ, ಸುಮ್ಮನಿರಿ ಅಂದಿತು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿತು. ಅಂದರೆ ತಪ್ಪು ಅಂತ ತೀರ್ಪು ಬಂದ ಮೇಲೂ, ತಪ್ಪು ಮುಂದುವರಿಸಲು ದುಡ್ಡು ಕೊಟ್ಟಿತು. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಅನ್ನೋ ಆಫ್ರಿಕಾದ ಬಡ ದೇಶಗಳು 2003ರಿಂದಲೂ ಇದೇ ಸಬ್ಸಿಡಿಯಿಂದ ತಮ್ಮ ರೈತರು ಸಾಯುತ್ತಿದ್ದಾರೆ ಅಂತ ಹೇಳುತ್ತಲೇ ಬಂದಿವೆ. ಅವುಗಳಿಗೆ ಅಮೆರಿಕವನ್ನು ಹೆದರಿಸುವ ತಾಕತ್ತಿಲ್ಲ. ಬ್ರೆಜಿಲ್‌ಗೆ ಸಿಕ್ಕಂಥ ಚೆಕ್ ಅವುಗಳಿಗೆ ಸಿಗಲಿಲ್ಲ. ಸಬ್ಸಿಡಿಯಲ್ಲಿ ಬೆಳೆದ ಆ ಅಮೆರಿಕದ ಹತ್ತಿಗೂ ನಮ್ಮ ಸರ್ಕಾರ ಸುಂಕ ಬಿಟ್ಟಿತು.

ಇದರ ಹಿಂದೆ ಭ್ರಷ್ಟಾಚಾರ ಇದೆಯೇ ಅಂತ ನೀವು ಕೇಳಬಹುದು. ಸುಂಕ ತೆಗೆಯಲು ಯಾರೋ ಲಂಚ ತಿಂದರು ಅಂತ ನಾನು ಹೇಳುತ್ತಿಲ್ಲ. ನನ್ನನ್ನು ಕಾಡುವುದು ದಾಖಲೆಯಲ್ಲೇ ಇರುವ ಸಂಗತಿ. 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಲಂಡನ್ನಿನ ವೇದಾಂತ ಗುಂಪಿನ ಕಂಪನಿಗಳಿಂದ ದೇಣಿಗೆ ಪಡೆದು ಕಾಂಗ್ರೆಸ್, ಬಿಜೆಪಿ ಎರಡೂ ವಿದೇಶಿ ದೇಣಿಗೆ ಕಾನೂನು ಮುರಿದಿವೆ ಎಂದಿತು. ಆಮೇಲೆ ಏನಾಯ್ತು ಗೊತ್ತಾ? 2016ರ ಹಣಕಾಸು ಕಾಯ್ದೆಯಲ್ಲಿ ವಿದೇಶಿ ಮೂಲ ಅಂದರೆ ಯಾವುದು ಅನ್ನೋದನ್ನೇ ಬದಲಿಸಿದರು. ಅದೂ ಹಿಂದಕ್ಕೆ, 2010ರಿಂದ ಅನ್ವಯವಾಗುವಂತೆ. 2018ರಲ್ಲಿ ಇನ್ನೂ ಹಿಂದಕ್ಕೆ ಹೋಗಿ 1976ರಿಂದ ಅಂತ ಮಾಡಿದರು. ಆ ಸಲ ಲೋಕಸಭೆಯಲ್ಲಿ ಹಣಕಾಸು ಮಸೂದೆ ಚರ್ಚೆಯೇ ಇಲ್ಲದೆ ಪಾಸಾಯಿತು. ವಿದೇಶಿ ದುಡ್ಡು ದೇಶಕ್ಕೆ ಅಪಾಯ ಅಂತ ಅದೇ ಕಾನೂನಿನಲ್ಲಿ ಸಾವಿರಾರು ಸಂಘಸಂಸ್ಥೆಗಳ ಪರವಾನಗಿ ರದ್ದು ಮಾಡುತ್ತಾರೆ. ತಮ್ಮ ಪಕ್ಷಕ್ಕೆ ಬಂದ ದುಡ್ಡಿಗೆ 42 ವರ್ಷ ಹಿಂದಿನಿಂದ ಮಾಫಿ. ಹೀಗೆ ಕಂಪನಿಗಳ ದುಡ್ಡಿನಲ್ಲಿ ಚುನಾವಣೆ ನಡೆಸುವವರು ಸುಂಕದ ಆದೇಶ ಬರೆಯುವಾಗ ಯಾರ ಮಾತು ಮೊದಲು ಕೇಳುತ್ತಾರೆ, ಹೇಳಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬೇರೆ ದೇಶದ ಜೊತೆ ವ್ಯಾಪಾರ ಒಪ್ಪಂದ ಮಾಡಲು ಸಂಸತ್ತಿನ ಒಪ್ಪಿಗೆ ಬೇಕು ಅಂತ ನಮ್ಮ ಸಂವಿಧಾನದಲ್ಲಿಲ್ಲ. ಸುಂಕ ತೆಗೆಯಲು ಒಂದು ಅಧಿಸೂಚನೆ ಸಾಕು. ಸಂಸದರು ಯಾವ ಪಕ್ಷದವರೇ ಇರಲಿ, ಅವರ ಓಟು ಅಲ್ಲಿ ಬೇಕಾಗಿಯೇ ಇಲ್ಲ.

ಹಾಗಾಗಿ ಮುಂದಿನ ಸಲ ಸಂಸದರು ಊರಿಗೆ ಬಂದಾಗ ನಾವು ಕೇಳಬೇಕು ಅಂದುಕೊಂಡಿರುವುದು ಇಷ್ಟು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಅದು ಸಂಸತ್ತಿಗೆ ಬರಲಿ. ಬಿತ್ತನೆ ಶುರುವಾದ ಮೇಲೆ ಮಾರಾಟ ಮುಗಿಯುವವರೆಗೆ ಆಮದು ಸುಂಕ ಮುಟ್ಟಬೇಡಿ. ಮುಟ್ಟಲೇಬೇಕು ಅಂದರೆ, ಬೆಂಬಲ ಬೆಲೆಗೂ ನಮಗೆ ಸಿಕ್ಕ ದರಕ್ಕೂ ಇರುವ ವ್ಯತ್ಯಾಸ ನಮ್ಮ ಖಾತೆಗೆ ಹಾಕಿ. ದೇವದುರ್ಗ, ಲಿಂಗಸುಗೂರು ಕಡೆಯ ಹತ್ತಿ ಬೆಳೆಗಾರರು ಇದನ್ನು ಓದುತ್ತಿದ್ದರೆ, ನೀವೂ ನಿಮ್ಮ ಕಡೆ ಇದನ್ನೇ ಕೇಳಿ.